ಅರವತ್ನಾಲ್ಕು ಜನರಿಗೂ ಐವರು, ನಲವತ್ತೇಳು ಲಕ್ಷಕ್ಕೂ ಐವರು

ಟೆಕ್ಸಸ್‌ನ ಪಶ್ಚಿಮದ ಮೂಲೆಯಲ್ಲಿ, ನ್ಯೂ ಮೆಕ್ಸಿಕೊ ಗಡಿಗೆ ತಾಗಿಕೊಂಡು, ಲವಿಂಗ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. 2020ರ ಜನಗಣತಿಯವರು ಅಲ್ಲಿಗೆ ಹೋದಾಗ ಸಿಕ್ಕಿದ ಜನ 64. ಮುಂದೆ ಸಾವಿರ ಎಂಬ ಪದ ಬಿಟ್ಟುಹೋಗಿಲ್ಲ. ಬರೀ ಅರವತ್ನಾಲ್ಕು ತಲೆ. ಇವರ ಆಡಳಿತಕ್ಕೆ ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರುಗಳು, ಮೇಲೊಬ್ಬ ಶೆರಿಫ್ (ಪೊಲೀಸ್ ಮುಖ್ಯಸ್ಥ), ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ. ಎಲ್ಲರೂ ಚುನಾವಣೆಯಲ್ಲಿ ಗೆದ್ದು ಬರಬೇಕು. ಒಬ್ಬೊಬ್ಬ ಕಮಿಷನರ್ ಪಾಲಿಗೆ ಸರಾಸರಿ ಹದಿನಾರು ಪ್ರಜೆಗಳು. ಮನಸ್ಸು ಮಾಡಿದರೆ ಇಡೀ ಕ್ಷೇತ್ರವನ್ನು ಒಂದು ಟೆಂಪೊ ಟ್ರಾವೆಲರ್‌ನಲ್ಲಿ ಕೂರಿಸಿ ಪ್ರವಾಸ ಹೋಗಿ ಬರಬಹುದು. ಹಿಂದಿನ ಸೀಟಿನಲ್ಲಿ ವಿರೋಧ ಪಕ್ಷಕ್ಕೂ ಜಾಗ ಸಿಗುತ್ತದೆ.

ಮತದಾನದಲ್ಲಿಯೂ ಈ ಕೌಂಟಿಯನ್ನು ಮೀರಿಸುವವರಿಲ್ಲ. ನಮ್ಮ ಚುನಾವಣಾ ಆಯೋಗ ನೂರಕ್ಕೆ ನೂರು ಮತದಾನವಾಗಲಿ ಎಂದು ಜಾಥಾ ನಡೆಸಿ, ಶಾಲಾ ಮಕ್ಕಳ ಗಂಟಲು ಕಟ್ಟಿಸುತ್ತದೆ. ಲವಿಂಗ್ ಕೌಂಟಿ ಆ ಗುರಿಯನ್ನು ಸದ್ದಿಲ್ಲದೆ ದಾಟಿದೆ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಬಿದ್ದ ಮತ 66. ಕೂಸುಕುನ್ನಿಗಳನ್ನೂ ಸೇರಿಸಿ ಎಣಿಸಿದ ಜನಸಂಖ್ಯೆಗಿಂತ ಎರಡು ಹೆಚ್ಚು. ವಾಸ ಬೇರೆಡೆ, ಮತ ಮಾತ್ರ ಇಲ್ಲಿ ಎಂಬಂಥವರ ಬಗ್ಗೆ ಅಲ್ಲಿ ಹಳೆಯ ಜಗಳವೇ ಇದೆ. ಎಣ್ಣೆ ಬಾವಿಗಳ ತೆರಿಗೆ ಹರಿದುಬರುವ ಊರಿನ ಮೇಲೆ ಯಾರಿಗೆ ತಾನೇ ಅಭಿಮಾನ ಇರುವುದಿಲ್ಲ?

ಈಗ ಅದೇ ರಾಜ್ಯದ ಇನ್ನೊಂದು ದಿಕ್ಕಿಗೆ ಬನ್ನಿ. ಹೂಸ್ಟನ್ ನಗರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಹ್ಯಾರಿಸ್ ಕೌಂಟಿಯಲ್ಲಿ ಅದೇ ಜನಗಣತಿ ಎಣಿಸಿದ್ದು 47 ಲಕ್ಷಕ್ಕೂ ಹೆಚ್ಚು ಜನರನ್ನು. ಅಲ್ಲಿಗೆ ಎಷ್ಟು ಮಂದಿ? ಒಬ್ಬ ಜಡ್ಜ್, ನಾಲ್ವರು ಕಮಿಷನರುಗಳು. ಒಬ್ಬೊಬ್ಬ ಕಮಿಷನರ್ ತಲೆಗೆ ಸುಮಾರು ಹನ್ನೆರಡು ಲಕ್ಷ ಪ್ರಜೆಗಳು. 2011ರ ಜನಗಣತಿಯ ಲೆಕ್ಕ ಹಿಡಿದರೆ ನಮ್ಮ ಶಾಸಕರೊಬ್ಬರ ಪಾಲಿಗೆ ಬರುವುದು ಎರಡೂಮುಕ್ಕಾಲು ಲಕ್ಷ. ಅಷ್ಟಕ್ಕೇ ಅವರು ಮದುವೆ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ ಎಂದು ಗೊಣಗುತ್ತೇವೆ. ಟೆಕ್ಸಸ್‌ನ 254 ಕೌಂಟಿಗಳಿಗೂ ದರ್ಜಿ ಹೊಲಿದಿರುವುದು ಒಂದೇ ಅಳತೆಯ ಅಂಗಿ. ತೊಟ್ಟಿಲ ಕೂಸಿಗೂ ಅದೇ, ಗರಡಿ ಮನೆಯ ಪೈಲ್ವಾನನಿಗೂ ಅದೇ.

ದರ್ಜಿಯ ಹೆಸರು ಟೆಕ್ಸಸ್ ರಾಜ್ಯದ 1876ರ ಸಂವಿಧಾನ. ಅಂತರ್ಯುದ್ಧದ ನಂತರದ ವರ್ಷಗಳಲ್ಲಿ ಎಡ್ಮಂಡ್ ಡೇವಿಸ್ ಎಂಬ ಗವರ್ನರ್ ಇದ್ದರು. ನೇಮಕವೆಲ್ಲ ಅವರ ಮರ್ಜಿಯಲ್ಲಿ ನಡೆಯುತ್ತದೆ ಎಂದು ವಿರೋಧಿಗಳಿಗೆ ಸಿಟ್ಟು. (ಕಪ್ಪು ಜನರಿಗೆ ಹಕ್ಕು ಸಿಕ್ಕಿತು ಎಂಬ ಸಿಟ್ಟೂ ಅದರಲ್ಲಿ ಧಾರಾಳವಾಗಿ ಬೆರೆತಿತ್ತು, ಅದನ್ನು ಮಾತ್ರ ಯಾರೂ ಭಾಷಣದ ಮೊದಲ ಸಾಲಿನಲ್ಲಿ ಹೇಳಿಕೊಳ್ಳುವುದಿಲ್ಲ.) ಚುನಾವಣೆಯಲ್ಲಿ ರಿಚರ್ಡ್ ಕೋಕ್ ಎದುರು ಸೋತ ಮೇಲೂ ಡೇವಿಸ್ ಕುರ್ಚಿ ಬಿಡಲಿಲ್ಲ. 1874ರ ಜನವರಿಯಲ್ಲಿ ರಾಜಧಾನಿ ಆಸ್ಟಿನ್‌ನ ಶಾಸನಭವನದ ಕೆಳ ಅಂತಸ್ತಿನಲ್ಲಿ ಒಂದು ಬಣ, ಮೇಲಂತಸ್ತಿನಲ್ಲಿ ಇನ್ನೊಂದು ಬಣ. ಪಾಪ, ರೆಸಾರ್ಟುಗಳ ಅನುಕೂಲ ಆಗ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಗ್ರಾಂಟ್ ಸೈನ್ಯ ಕಳುಹಿಸಲು ಒಪ್ಪದೆ ಹೋದಾಗ ಡೇವಿಸ್ ಕೆಳಗಿಳಿದರು. ಗೆದ್ದವರು ಆಣೆ ಮಾಡಿಕೊಂಡಂತೆ ಹೊಸ ಸಂವಿಧಾನ ಬರೆದರು: ಇನ್ನು ಮುಂದೆ ಯಾರ ಕೈಯಲ್ಲಿಯೂ ಪೂರ್ತಿ ಅಧಿಕಾರ ಇರಕೂಡದು. ಆ ಸಂವಿಧಾನಕ್ಕೆ ಈವರೆಗೆ ಐನೂರಕ್ಕೂ ಹೆಚ್ಚು ತಿದ್ದುಪಡಿಗಳಾಗಿವೆ. ಐವರ ಲೆಕ್ಕ ಮಾತ್ರ ಐವರಾಗಿಯೇ ಉಳಿದಿದೆ.

ಹಾಸನದ ಕಡೆಯ ನಿವೃತ್ತ ಶಿರಸ್ತೇದಾರರೊಬ್ಬರು ಮಗಳ ಬಾಣಂತನದ ನೆಪದಲ್ಲಿ ಹ್ಯಾರಿಸ್ ಕೌಂಟಿಯ ಸೈಪ್ರೆಸ್‌ಗೆ ಹೋಗಿದ್ದರು. ಸರ್ಕಾರಿ ಕಚೇರಿಯ ಗಾಳಿ ಕುಡಿದು ಬೆಳೆದ ಜೀವ. ಬಾಣಂತನ ಹೆಂಡತಿಗೆ ಬಿಟ್ಟು ತಾವು ಆಡಳಿತ ವ್ಯವಸ್ಥೆಯ ತಪಾಸಣೆಗೆ ಇಳಿದರು.

“ಇಲ್ಲಿ ಡಿ.ಸಿ. ಯಾರು ಅಳಿಯಂದಿರೇ?”

“ಡಿ.ಸಿ. ಇಲ್ಲ ಮಾವ. ಕೌಂಟಿ ಜಡ್ಜ್ ಇದ್ದಾರೆ.”

“ನ್ಯಾಯಾಧೀಶರು. ಸರಿ, ಕಾನೂನು ಓದಿರುತ್ತಾರೆ.”

“ಓದಲೇಬೇಕು ಎಂದೇನಿಲ್ಲ. ರಾಜ್ಯದ ಕಾನೂನಿನ ತಿಳಿವಳಿಕೆ ಚೆನ್ನಾಗಿ ಇರಬೇಕು ಎಂದು ಸಂವಿಧಾನದಲ್ಲಿ ಬರೆದಿದೆ, ಅಷ್ಟೇ. ಇಷ್ಟು ದೊಡ್ಡ ಕೌಂಟಿಯಲ್ಲಿ ಅವರು ಮೊಕದ್ದಮೆ ಕೇಳುವುದೂ ಇಲ್ಲ. ಬಜೆಟ್, ರಸ್ತೆ, ಚಂಡಮಾರುತ ಬಂದರೆ ಪರಿಹಾರ, ಇದೇ ಅವರ ಕೆಲಸ.”

“ಪೊಲೀಸರು ಅವರ ಕೈಕೆಳಗೆ?”

“ಇಲ್ಲ. ಶೆರಿಫ್ ಬೇರೆ ಗೆದ್ದು ಬರುತ್ತಾರೆ. ಬಜೆಟ್ ಕೊಡುವುದು ಇವರು. ಹೀಗೆ ಮಾಡಿ ಎಂದು ಹೇಳುವ ಅಧಿಕಾರ ಇಲ್ಲ.”

“ಕ್ಲರ್ಕ್?”

“ಅವರೂ ಗೆದ್ದು ಬಂದವರೇ.”

ಶಿರಸ್ತೇದಾರರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಸೇವಾವಧಿಯುದ್ದಕ್ಕೂ ಗುಮಾಸ್ತರನ್ನು ಪಳಗಿಸಿದ ಮನುಷ್ಯ, ಗುಮಾಸ್ತರಿಗೆ ಜನ ಮತ ಹಾಕುವ ದೇಶ ಇದೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆಮೇಲೆ ತಮ್ಮ ಇಡೀ ಅನುಭವವನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದರು: “ಹಾಗಾದರೆ ಇವರನ್ನೆಲ್ಲ ವರ್ಗ ಮಾಡುವವರು ಯಾರು?”

ಯಾರೂ ಇಲ್ಲ ಎಂದಾಗ ಅವರಿಗೆ ಅಮೆರಿಕದ ಬಗ್ಗೆ ಇದ್ದ ಗೌರವವೆಲ್ಲ ಇಳಿದುಹೋಯಿತು. ವರ್ಗಾವಣೆಯೇ ಇಲ್ಲದ ಮೇಲೆ ಅದೆಂಥ ಸರ್ಕಾರ? ಶಿಫಾರಸು ಪತ್ರ ಇಲ್ಲ, ಮೇ ತಿಂಗಳ ಓಡಾಟ ಇಲ್ಲ, ತಡೆಯಾಜ್ಞೆ ಇಲ್ಲ. ಮಂತ್ರಿಗಳು ಬೇಸಿಗೆಯಲ್ಲಿ ಮಾಡುವುದಾದರೂ ಏನು?

ಅವರ ಆಸಕ್ತಿ ಮತ್ತೆ ಚಿಗುರಿದ್ದು ಮನೆಯ ತೆರಿಗೆ ಬಿಲ್ಲು ಕಂಡಾಗ. ಅದರಲ್ಲಿದ್ದ ಬಾಬುಗಳನ್ನು ಪಹಣಿಯ ಕಾಲಂ ಓದುವ ಧಾಟಿಯಲ್ಲಿ ಓದಿದರು. ಹ್ಯಾರಿಸ್ ಕೌಂಟಿಗೆ ಒಂದು ಪಾಲು. ಪ್ರವಾಹ ನಿಯಂತ್ರಣ ಡಿಸ್ಟ್ರಿಕ್ಟಿಗೆ ಒಂದು. (ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯಲ್ಲ, ಒಂದೊಂದು ಕೆಲಸಕ್ಕೆಂದೇ ಹುಟ್ಟಿದ ಪ್ರತ್ಯೇಕ ಸರ್ಕಾರಿ ಸಂಸ್ಥೆ.) ಆಸ್ಪತ್ರೆ ಡಿಸ್ಟ್ರಿಕ್ಟಿಗೆ ಒಂದು. ಹೂಸ್ಟನ್ ಬಂದರಿಗೆ ಒಂದು. ಮನೆಯಲ್ಲಿ ಯಾರೂ ಹಡಗು ಇಟ್ಟುಕೊಂಡಿಲ್ಲ, ಆದರೂ. ಕೌಂಟಿಯ ಶಿಕ್ಷಣ ಇಲಾಖೆಗೆ ಒಂದು. ಮೊಮ್ಮಗಳು ಹೋಗುವ ಶಾಲೆಯನ್ನು ನಡೆಸುವುದು ಆ ಇಲಾಖೆಯಲ್ಲ. ಅದಕ್ಕೆ ಶಾಲಾ ಡಿಸ್ಟ್ರಿಕ್ಟ್ ಬೇರೆ ಇದೆ, ಅದರ ಪಾಲೇ ದೊಡ್ಡದು. ಕಾಲೇಜಿಗೆ ಒಂದು, ತುರ್ತು ಸೇವೆಗೆ ಒಂದು, ನೀರು ಚರಂಡಿಯ ಡಿಸ್ಟ್ರಿಕ್ಟಿಗೆ ಒಂದು. ಇಷ್ಟರಲ್ಲಿ ಸೈಪ್ರೆಸ್ ಪುರಸಭೆಗೆ ಎಷ್ಟು ಎಂದು ಹುಡುಕಿದರು. ಒಂದು ಸೆಂಟೂ ಇಲ್ಲ. ಅಂಚೆ ವಿಳಾಸದಲ್ಲಿ ಸೈಪ್ರೆಸ್ ಎಂದಿದೆಯೇ ಹೊರತು ಸೈಪ್ರೆಸ್ ಎಂಬ ಪುರಸಭೆಯಾಗಲಿ ನಗರಸಭೆಯಾಗಲಿ ಇಲ್ಲ. ಹ್ಯಾರಿಸ್ ಕೌಂಟಿಯಲ್ಲಿ ಹೀಗೆ ಯಾವ ನಗರಾಡಳಿತಕ್ಕೂ ಸೇರದೆ ಬದುಕುವವರು ಸುಮಾರು 20 ಲಕ್ಷ ಜನ. ಅವರ ಪಾಲಿಗೆ ಕೌಂಟಿಯೇ ಗತಿ. ಆದರೆ ನಗರಸಭೆ ಮಾಡುವಂಥ ಉಪವಿಧಿಗಳನ್ನು ತನ್ನಿಷ್ಟದಂತೆ ಮಾಡುವ ಹಕ್ಕು ಆ ಕೌಂಟಿಗಿಲ್ಲ. ರಾಜ್ಯ ಶಾಸಕಾಂಗ ಯಾವುದಕ್ಕೆ ಅನುಮತಿ ಕೊಟ್ಟಿದೆಯೋ ಅಷ್ಟೇ. ಶಾಸಕಾಂಗದ ಮಾಮೂಲು ಅಧಿವೇಶನ ಸೇರುವುದು ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಬೆಳಗಾವಿ ಅಧಿವೇಶನದ ಹತ್ತು ದಿನಗಳನ್ನು ಅಣಕಿಸುವವರು ಸ್ವಲ್ಪ ತಾಳ್ಮೆ ಕಲಿಯಬೇಕು.

ನೀರು ಚರಂಡಿಯ ಡಿಸ್ಟ್ರಿಕ್ಟಿನ ಕತೆ ಹೇಳದೆ ಮುಂದೆ ಹೋಗುವುದು ಪಾಪ. ಬಡಾವಣೆ ಕಟ್ಟುವವರು ಮೊದಲು ಬಯಲನ್ನು ಕೊಳ್ಳುತ್ತಾರೆ. ಕೊಳವೆ, ಚರಂಡಿ, ಕೆರೆಗೆ ದುಡ್ಡು ಬೇಕು. ಅದಕ್ಕೊಂದು ಡಿಸ್ಟ್ರಿಕ್ಟ್ ಹುಟ್ಟಬೇಕು. ಅದು ಬಾಂಡ್ ಎತ್ತಬೇಕು. ಬಾಂಡಿಗೆ ಮತದಾರರ ಒಪ್ಪಿಗೆ ಬೇಕು. ಬಯಲಿನಲ್ಲಿ ಮತದಾರರೆಲ್ಲಿ? ಒಂದು ಟ್ರೇಲರ್ ಮನೆಯನ್ನು ಎಳೆದು ತಂದು ನಿಲ್ಲಿಸಿ, ಅದರಲ್ಲಿ ಒಂದಿಬ್ಬರನ್ನು ಇಳಿಸಿ, ಅವರಿಂದ ಮತ ಹಾಕಿಸಿದ ಉದಾಹರಣೆಗಳು ಟೆಕ್ಸಸ್‌ನಲ್ಲಿ ಬೇಕಾದಷ್ಟಿವೆ. ಆ ಒಂದಿಬ್ಬರು ಕೋಟ್ಯಂತರ ಡಾಲರ್ ಸಾಲಕ್ಕೆ ಸರ್ವಾನುಮತದಿಂದ ಒಪ್ಪುತ್ತಾರೆ. ನಂತರ ಮನೆಗಳು ಏಳುತ್ತವೆ, ಗೃಹಪ್ರವೇಶಗಳು ನಡೆಯುತ್ತವೆ, ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಹಂಚಲಾಗುತ್ತದೆ. ಸಾಲ ತೀರಿಸುವವರು ಆ ಪ್ರಸಾದ ತಿಂದವರು. ಡಿಸ್ಟ್ರಿಕ್ಟಿನ ಸಭೆಗೆ ಹೋಗಿ ಪ್ರಶ್ನೆ ಕೇಳೋಣವೆಂದರೆ ಅದು ಎಷ್ಟೋ ಸಲ ನಡೆಯುವುದು ಬಡಾವಣೆಯಲ್ಲಲ್ಲ, ದೂರದ ವಕೀಲರ ಕಚೇರಿಯಲ್ಲಿ, ಅದೂ ಕೆಲಸದ ದಿನ ಮಧ್ಯಾಹ್ನ.

ತೆರಿಗೆ ವಸೂಲಿಗೆ ಒಬ್ಬ ಚುನಾಯಿತ ಅಧಿಕಾರಿ ಇದ್ದಾರೆ. ಮನೆಯ ಬೆಲೆ ಕಟ್ಟುವುದು ಅವರಲ್ಲ, ಅದಕ್ಕೆ ಬೇರೆಯೇ ಒಂದು ಡಿಸ್ಟ್ರಿಕ್ಟ್. ಬೆಲೆ ಹೆಚ್ಚಾಯಿತು ಎನಿಸಿದವರು ಮೇ ತಿಂಗಳ ಮಧ್ಯದೊಳಗೆ ತಕರಾರು ಸಲ್ಲಿಸಬೇಕು. ಆ ದಿನಗಳಲ್ಲಿ ನಮ್ಮವರ ಮಾತು ಕೇಳಬೇಕು. ಯುಗಾದಿಗೆ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಗ್ರಾನೈಟ್ ಅಡುಗೆಮನೆ, ಹಿತ್ತಲಿನ ಹುಲ್ಲುಹಾಸು, ಮೆಟ್ಟಿಲ ಮೇಲೆ ರೇಷ್ಮೆ ಸೀರೆಗಳ ಸಾಲು. ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಯ ಇನ್ನೊಂದು ಆಲ್ಬಂ ತಯಾರು: ಬಿರುಕು ಬಿಟ್ಟ ಗೋಡೆ, ಸೋರಿದ ಗುರುತಿರುವ ಚಾವಣಿ, ವಾಲಿದ ಬೇಲಿ, ಮಂಕು ಬೆಳಕಿನಲ್ಲಿ ಹಿಡಿದ ಬಚ್ಚಲು. ಹಾಸನದಲ್ಲಿರುವ ಬೀಗರು ಈ ಎರಡನೆಯ ಆಲ್ಬಂ ನೋಡಿದರೆ ಅಳಿಯನ ಮನೆ ದುರಸ್ತಿಗೆ ಚಂದಾ ಎತ್ತುತ್ತಾರೆ.

ಇಷ್ಟೆಲ್ಲ ಹುದ್ದೆಗಳಿಗೆ ಮತ ಹಾಕುವ ದಿನ ಬಂದಾಗ ಹ್ಯಾರಿಸ್ ಕೌಂಟಿಯ ಮತಪತ್ರ ಒಂದು ಹಾಳೆಗೆ ಹಿಡಿಸುವುದಿಲ್ಲ. ಗವರ್ನರ್‌ನಿಂದ ಕಾನ್ಸ್‌ಟೇಬಲ್‌ವರೆಗೆ, ನಡುವೆ ಹತ್ತಾರು ನಿಜವಾದ ನ್ಯಾಯಾಧೀಶರು. ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯ ಮೊದಲಿತ್ತು. 2020ರಲ್ಲಿ ಅದೂ ಹೋಯಿತು. ಈಗ ಒಬ್ಬೊಬ್ಬರನ್ನೂ ಹುಡುಕಿ ಹುಡುಕಿ ಆರಿಸಬೇಕು. 2022ರ ನವೆಂಬರ್‌ನಲ್ಲಿ ಕೆಲವು ಮತಗಟ್ಟೆಗಳಲ್ಲಿ ಕಾಗದವೇ ಮುಗಿಯಿತು. ಪರಿಹಾರವಾಗಿ ರಾಜ್ಯ ಶಾಸಕಾಂಗ 2023ರಲ್ಲಿ ಕಾಗದ ಕೊಡಲಿಲ್ಲ, ಕಾನೂನು ಕೊಟ್ಟಿತು: 35 ಲಕ್ಷಕ್ಕಿಂತ ಹೆಚ್ಚು ಜನರಿರುವ ಕೌಂಟಿಗಳಲ್ಲಿ ಚುನಾವಣಾ ಆಡಳಿತಾಧಿಕಾರಿ ಹುದ್ದೆ ರದ್ದು, ಆ ಕೆಲಸ ಕ್ಲರ್ಕ್ ಮತ್ತು ತೆರಿಗೆ ಅಧಿಕಾರಿಗಳ ಪಾಲಿಗೆ. ಅಷ್ಟು ಜನರಿರುವ ಕೌಂಟಿ ಇಡೀ ಟೆಕ್ಸಸ್‌ನಲ್ಲಿ ಒಂದೇ. ಅದರ ಹೆಸರನ್ನು ಮಸೂದೆಯಲ್ಲಿ ಬರೆಯದೆ ಬಿಟ್ಟದ್ದು ದೊಡ್ಡವರ ಸೌಜನ್ಯ.

ಐವರೂ ಸೇರಿದರೆ ಕೆಲಸವಾಗುತ್ತದೆಯೇ ಎಂದರೆ, ಸೇರದಿದ್ದರೂ ಆಗುತ್ತದೆ. ತೆರಿಗೆ ದರ ನಿಗದಿ ಮಾಡಲು ಕನಿಷ್ಠ ನಾಲ್ವರು ಹಾಜರಿರಬೇಕು ಎಂಬುದು ನಿಯಮ. 2022ರಲ್ಲಿ ಅಲ್ಪಮತದಲ್ಲಿದ್ದ ಇಬ್ಬರು ಕಮಿಷನರುಗಳು ಪ್ರಸ್ತಾವವನ್ನು ವಿರೋಧಿಸಿ ಭಾಷಣ ಮಾಡುವ ತೊಂದರೆ ತೆಗೆದುಕೊಳ್ಳಲಿಲ್ಲ, ಸಭೆಗೇ ಬರಲಿಲ್ಲ. ಉಳಿದ ಮೂವರು ಬಹುಮತವನ್ನು ಜೇಬಿನಲ್ಲಿಟ್ಟುಕೊಂಡು ಕುಳಿತರು, ಪ್ರಸ್ತಾವ ಬಿತ್ತು. ಗೈರುಹಾಜರಿಯಿಂದಲೇ ಇಷ್ಟು ಜನಸೇವೆ ಸಾಧ್ಯವೆಂದು ತಿಳಿದಿದ್ದರೆ ನಮ್ಮ ಖಾಲಿ ಕುರ್ಚಿಗಳ ಗ್ರಾಮಸಭೆಗಳ ಬಗ್ಗೆ ನಾವು ಇಷ್ಟು ದಿನ ಬೇಸರಪಡುತ್ತಿರಲಿಲ್ಲ.

ಸಣ್ಣ ಕೌಂಟಿಗಳಿಗೆ ಬೇರೆ ಬಗೆಯ ಮಿತವ್ಯಯ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ, ಮತದಾರರು ಬೇರೆ ಅಧಿಕಾರಿ ಬೇಕು ಎನ್ನದಿದ್ದರೆ, ಶೆರಿಫರೇ ತೆರಿಗೆಯನ್ನೂ ವಸೂಲಿ ಮಾಡಬಹುದು. ಸೊಂಟದಲ್ಲಿ ಪಿಸ್ತೂಲಿರುವ ಮನುಷ್ಯ ಕಂದಾಯ ಕೇಳಿದರೆ ಬಾಕಿ ಉಳಿಯುವ ಪ್ರಶ್ನೆಯೇ ಬರುವುದಿಲ್ಲ. ಜಸ್ಟಿಸ್ ಆಫ್ ದಿ ಪೀಸ್ ಎಂಬ ಮಹಾನುಭಾವರಂತೂ ಮದುವೆ ಮಾಡಿಸುತ್ತಾರೆ, ಟ್ರಾಫಿಕ್ ದಂಡ ಹಾಕುತ್ತಾರೆ, ಬಾಡಿಗೆದಾರರನ್ನು ಒಕ್ಕಲೆಬ್ಬಿಸುತ್ತಾರೆ. ವೈದ್ಯಕೀಯ ಪರೀಕ್ಷಕರಿಲ್ಲದ ಕೌಂಟಿಗಳಲ್ಲಿ, ಅಂದರೆ ಬಹುಪಾಲು ಕೌಂಟಿಗಳಲ್ಲಿ, ಅನುಮಾನಾಸ್ಪದ ಸಾವು ಹೇಗಾಯಿತು ಎಂದು ತೀರ್ಮಾನಿಸುವವರೂ ಅವರೇ. ಇದಕ್ಕೆ ವೈದ್ಯರಾಗಿರಬೇಕಾಗಿಲ್ಲ, ವಕೀಲರಾಗಿರಬೇಕಾಗಿಲ್ಲ, ಚುನಾವಣೆ ಗೆದ್ದಿದ್ದರೆ ಸಾಕು. ಅಕ್ಷತೆಯಿಂದ ಅಪರಕರ್ಮದವರೆಗೆ ಒಂದೇ ಕಿಟಕಿ. ಸಕಾಲದವರು ಅಧ್ಯಯನ ಪ್ರವಾಸ ಹಾಕಿಕೊಳ್ಳಬಹುದು.

ಇಂಥ ಹುದ್ದೆಯೊಂದನ್ನು ತೆಗೆದುಹಾಕುವುದು ಮಾತ್ರ ಹುಡುಗಾಟವಲ್ಲ. ಗ್ಯಾಲ್ವೆಸ್ಟನ್ ಕೌಂಟಿಯಲ್ಲಿ 2022ರಲ್ಲಿ ಒಬ್ಬರು ಖಜಾಂಚಿ ಹುದ್ದೆಗೆ ಸ್ಪರ್ಧಿಸಿದರು. ಅವರ ಪ್ರಣಾಳಿಕೆ ಒಂದೇ ಸಾಲು: ಈ ಹುದ್ದೆ ಬೇಡ, ನನ್ನನ್ನು ಗೆಲ್ಲಿಸಿದರೆ ಇದನ್ನು ರದ್ದು ಮಾಡಿಸುತ್ತೇನೆ. ಜನ ಗೆಲ್ಲಿಸಿದರು. ನಿಗಮ ಮಂಡಳಿಗಳ ಅಧ್ಯಕ್ಷಗಿರಿಗಾಗಿ ಸರತಿಯಲ್ಲಿ ನಿಂತಿರುವ ನಮ್ಮ ನಾಯಕರು ಈ ಸುದ್ದಿಯನ್ನು ಓದದಿರಲಿ, ಎದೆ ಒಡೆದುಕೊಳ್ಳುತ್ತಾರೆ.

“ರಾಜೀನಾಮೆ ಬರೆದು ಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ?” ಎಂದು ಶಿರಸ್ತೇದಾರರು ಕೇಳಿದರಂತೆ.

“ಹುದ್ದೆ ಇರುವವರೆಗೆ ಅದರಲ್ಲಿ ಇನ್ನೊಬ್ಬರನ್ನು ಕೂರಿಸಬೇಕಾಗುತ್ತದೆ ಮಾವ.”

ಹುದ್ದೆ ಇರುವುದು ಸಂವಿಧಾನದಲ್ಲಿ. ಆದ್ದರಿಂದ ಒಂದು ಕೌಂಟಿಯ ಒಂದು ಕುರ್ಚಿ ತೆಗೆಯಲು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ, ಅದಕ್ಕೆ ರಾಜ್ಯವಿಡೀ ಮತದಾನ. 2023ರ ನವೆಂಬರ್‌ನಲ್ಲಿ ಸಾವಿರ ಕಿಲೋಮೀಟರಿಗೂ ಆಚೆಯ ಎಲ್ ಪಾಸೊ ಜನ ಕೂಡ ಗ್ಯಾಲ್ವೆಸ್ಟನ್‌ಗೆ ಖಜಾಂಚಿ ಬೇಕೋ ಬೇಡವೋ ಎಂದು ತೀರ್ಮಾನಿಸಿದರು. ಬೇಡವೆಂದಾಯಿತು. 2007ರಲ್ಲಿಯೂ ಹೀಗೆಯೇ ಒಂದು ತಿದ್ದುಪಡಿ ಮತಪೆಟ್ಟಿಗೆಗೆ ಬಂದಿತ್ತು: ದನಗಳ ಮತ್ತು ಚರ್ಮದ ಇನ್‌ಸ್ಪೆಕ್ಟರ್ ಹುದ್ದೆಯನ್ನು ಸಂವಿಧಾನದಿಂದ ಕೈಬಿಡುವುದು. ದನ ಕಳ್ಳರನ್ನು ಹಿಡಿಯಲು, ಮಾರಾಟಕ್ಕೆ ಬಂದ ಚರ್ಮದ ಮೇಲಿನ ಮುದ್ರೆ ನೋಡಲು ಇದ್ದ ಹುದ್ದೆ ಅದು. ತಿದ್ದುಪಡಿ ಗೆದ್ದಿತು. ಆ ಇನ್‌ಸ್ಪೆಕ್ಟರ್ ಇರಲಿ ಎಂದು ಮತ ಹಾಕಿದವರೂ ಸಾವಿರಾರು ಜನ.