ಈ ಪ್ರೊಸೆಸರ್ ಪಟ್ಟಿ ಯಾರಿಗಾಗಿ?

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಂಪೈಲ್ ಮಾಡುವಾಗ, ಅಂದರೆ ಮೂಲ ಕೋಡಿನಿಂದ ನಾವೇ ಕಟ್ಟಿಕೊಳ್ಳುವಾಗ, ನನಗೆ ಸಿಟ್ಟು ಬರುವುದು ಅದರ ಆಯ್ಕೆಗಳನ್ನು ಹೊಂದಿಸುವ ಮೆನು ‘ಮೆನುಕಾನ್ಫಿಗ್‌’ನ ‘ಪ್ರೊಸೆಸರ್ ಫ್ಯಾಮಿಲಿ’ ಪಟ್ಟಿ ನೋಡಿದಾಗ. 6.6 ಆವೃತ್ತಿ ತೆರೆದು ನೋಡಿ: ಆಪ್ಟೆರಾನ್, ಪೆಂಟಿಯಂ 4, ಕೋರ್ 2, ಆಟಮ್, ಕೊನೆಗೆ ಈ ಎಲ್ಲಕ್ಕೂ ಹೊಂದುವ ಜೆನೆರಿಕ್. ಕೋರ್ 2 ಬಂದದ್ದು 2006ರಲ್ಲಿ! ಎಎಂಡಿಯ ಹೊಸ ರೈಜೆನ್ ಚಿಪ್ ಇದ್ದವರು ಯಾವುದನ್ನು ಆರಿಸಬೇಕು?

ಕಲಬುರಗಿಯ ಮೇ ತಿಂಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಹೊರಗೆ ನಲವತ್ತು ದಾಟಿದ ಬಿಸಿಲು. ಕಂಪೈಲ್ ಮುಗಿಯುವವರೆಗೂ ಚಿಪ್‌ನ ಎಲ್ಲ ಕೋರ್‌ಗಳೂ ದುಡಿಯುತ್ತಿರುತ್ತವೆ, ಲ್ಯಾಪ್‌ಟಾಪ್ ಫ್ಯಾನ್ ಕಿರುಚುತ್ತದೆ, ಕೀಬೋರ್ಡ್ ಮೇಲೆ ಕೈ ಇಡೋಕಾಗಲ್ಲ. ಬಿಸಿ ಜಾಸ್ತಿಯಾಗಿ ಚಿಪ್ ತಾನೇ ವೇಗ ಇಳಿಸುತ್ತದೆ. ಆ ಪಟ್ಟಿಯಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು, ಕಂಪೈಲರ್‌ಗೆ ಕೊಡುವ ಸೂಚನೆ (ಫ್ಲ್ಯಾಗ್) ಬದಲಾಗಿ ಎಲ್ಲ ಫೈಲೂ ಮತ್ತೆ ಮೊದಲಿಂದ ಕಂಪೈಲ್ ಆಗಬೇಕು.

ಇಷ್ಟಕ್ಕೂ ಸಿಗುವುದೇನು? ಕರ್ನಲ್‌ನ ಸಾಮಾನ್ಯ ಕೋಡನ್ನು ಎಸ್‌ಎಸ್‌ಇ, ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಚಿಪ್ ಸೂಚನೆಗಳು) ಇಲ್ಲದೆಯೇ ಕಂಪೈಲ್ ಮಾಡುತ್ತಾರೆ. ಹಾಗಾಗಿ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಹೊಸದಾಗಿ ಕಲಿಯುವ ಹುಡುಗರು ಇದರ ಮುಂದೆ ತಲೆ ಕೆಡಿಸಿಕೊಂಡು ಕೂತರೆ ನನಗೆ ಹೊಟ್ಟೆ ಉರಿಯುತ್ತದೆ.

2025ರ 6.16 ಆವೃತ್ತಿಯಲ್ಲಿ ಕೊನೆಗೂ ‘ನೇಟಿವ್’ ಆಯ್ಕೆ ಬಂತು. ಕಂಪೈಲರೇ ಚಿಪ್ ಗುರುತಿಸುತ್ತದೆ. ಇದನ್ನು ಎಷ್ಟೋ ವರ್ಷಗಳ ಹಿಂದೆಯೇ ಕೊಡಬಹುದಿತ್ತು, ಅಲ್ವಾ? ಹಳೆಯ ಆವೃತ್ತಿಯಲ್ಲೇ ಇರುವವರು ಸುಮ್ನೆ ಜೆನೆರಿಕ್ ಒತ್ತಿ ಮುಂದೆ ಹೋಗಿ.