ರಸೀದಿ ಪುಸ್ತಕ ಗುಜರಿಗೆ, ಸಂಚಾಲಕರು ವೇದಿಕೆಗೆ

ನಮ್ಮ ಸಾಂಸ್ಕೃತಿಕ ಸಂಘದ ಆಮಂತ್ರಣ ಪತ್ರಿಕೆ ಈ ಸಲ ನಾಲ್ಕು ಮಡಿಕೆಯದು. ಬಿಡಿಸಿದರೆ ಊಟದ ಬಾಳೆಲೆಯಷ್ಟು ಉದ್ದ. ಅದರಲ್ಲಿ 37 ಸಂಚಾಲಕರು, 14 ಸಹ ಸಂಚಾಲಕರು, ಒಬ್ಬರು 'ಪ್ರಧಾನ ಸಲಹೆಗಾರರು'. ಕಾರ್ಯಕ್ರಮ ಏನು ಅನ್ನೋದು ಮೂರನೇ ಮಡಿಕೆಯಲ್ಲಿ ಎಲ್ಲೋ ಇದೆ, ಹುಡುಕಬೇಕು. ಕುರ್ಚಿ ಹಾಕುವವರ ಹೆಸರು ಮಾತ್ರ ಇಲ್ಲ. ಯಾಕಂದ್ರೆ ಕುರ್ಚಿ ಹಾಕುವವರೇ ಇಲ್ಲ.

ನಾನು ಖಜಾಂಚಿ. ನನಗೆ ತೋಟ ಇಲ್ಲ, ಅದಕ್ಕೇ ಈ ಕೆಲಸ ನನ್ನ ತಲೆಗೆ ಬಂತು. ಕೊಡಗಿನಲ್ಲಿ ತೋಟ ಇಲ್ಲದವನಿಗೆ ಪುರುಸೊತ್ತು ಜಾಸ್ತಿ ಅಂತ ಎಲ್ಲರ ಲೆಕ್ಕ.

ಮೊದಲೆಲ್ಲ ನಾವು ಮೂರು ಜನ ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತಿದ್ದೆವು. ಗೇಟಿನ ಹತ್ತಿರ ನಾಯಿ ಬೊಗಳೋದು. ಒಳಗಿಂದ ಯಾರೋ "ಅದು ಕಚ್ಚಲ್ಲ, ಬನ್ನಿ" ಅನ್ನೋರು. ಕಾಫಿ ಬರೋದು. ಈ ವರ್ಷ ಎಷ್ಟು ಇಂಚು ಮಳೆ, ಮೆಣಸಿಗೆ ಎಷ್ಟು ರೇಟು, ಯಾರ ಗದ್ದೆಗೆ ಆನೆ ಇಳಿಯಿತು, ಎಲ್ಲ ಆಗೋದು. ಮುಕ್ಕಾಲು ಗಂಟೆ ಆದಮೇಲೆ 200 ರೂಪಾಯಿ. ಆಮೇಲೆ ಮೆಟ್ಟಿಲಿಳಿಯುವಾಗ ಹಿಂದಿನಿಂದ ಒಂದು ಮಾತು: "ಊಟದ ಅಕ್ಕಿ ನಮ್ಮ ಮನೆಯಿಂದ. ಚಪ್ಪರಕ್ಕೆ ಮಗನನ್ನ ಕಳಿಸ್ತೀನಿ." ನಿಜವಾದ ವಸೂಲಿ ಆಗುತ್ತಿದ್ದದ್ದು ಆ ಮೆಟ್ಟಿಲಿನ ಮೇಲೆ.

ಈಗಿನ ಅಧ್ಯಕ್ಷರು ಇದನ್ನು ಕೇಳಿ, "ಇದು ಟೈಮ್ ತಿನ್ನೋ ಮಾಡೆಲ್" ಅಂದರು.

ಅವರು ಬೆಂಗಳೂರಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದಾರೆ. ದಾನ ಕೊಡುವ ರೀತಿ ಬದಲಾಗಿದೆ, ಸ್ವಯಂಸೇವಕರು ಬದಲಾಗಿದ್ದಾರೆ, ಮುಂದಾಳುಗಳೂ ಬದಲಾಗಬೇಕು ಅಂತ ಅಲ್ಲಿ ಹೇಳಿಕೊಟ್ಟರಂತೆ. ಬರುವಾಗ ಒಂದು ಬ್ಯಾಗು, ಒಂದು ನೀರಿನ ಬಾಟ್ಲಿ, ಇಪ್ಪತ್ತು ಹೊಸ ಪದ ತಂದರು. ಅವತ್ತಿನಿಂದ ಚಂದಾ ಕೊಡುವವರು 'ಪಾಲುದಾರರು'. ಕೆಲಸಕ್ಕೆ ಬರದವರು 'ಸುಪ್ತ ಸ್ವಯಂಸೇವಕರು'. ನಾನು 'ಸಂಪನ್ಮೂಲ ಮುಖ್ಯಸ್ಥ'. ಬ್ಯಾಂಕಿನಲ್ಲಿದ್ದ 11,340 ರೂಪಾಯಿಗೆ ಮಾತ್ರ ಹೊಸ ಹೆಸರು ಸಿಗಲಿಲ್ಲ, ಅದು ಹಾಗೇ ಇತ್ತು.

ಮೊದಲ ಹೆಜ್ಜೆ ಕ್ಯೂಆರ್ ಕೋಡ್. ರಸೀದಿ ಪುಸ್ತಕಗಳನ್ನು ಗುಜರಿಗೆ ಹಾಕಿಸಿ, ಕೋಡನ್ನು 412 ಜನ ಇರುವ ವಾಟ್ಸಾಪ್ ಗುಂಪಿಗೆ ಬಿಟ್ಟರು. ವಾರದಲ್ಲಿ 96 ಕೈಮುಗಿದ ಚಿತ್ರ ಬಂದವು. 40 ಹೂಗುಚ್ಛ, 28 'ಶುಭವಾಗಲಿ'. ದುಡ್ಡು ಬಂದದ್ದು ಇಬ್ಬರಿಂದ. ಒಬ್ಬರು 101. ಇನ್ನೊಬ್ಬರು 1 ರೂಪಾಯಿ, "ಕೋಡ್ ಕೆಲಸ ಮಾಡುತ್ತಾ ನೋಡೋಣ ಅಂತ ಹಾಕಿದೆ" ಅಂದರು. ಅವರು ನಮ್ಮ ಕಾರ್ಯದರ್ಶಿ. ಅಧ್ಯಕ್ಷರು ವರದಿಯಲ್ಲಿ 'ಒಟ್ಟು ಸ್ಪಂದನೆ 166' ಅಂತ ಬರೆಸಿದರು.

ಆಮೇಲೆ 80ಜಿ, ಅಂದ್ರೆ 1961ರ ಆದಾಯ ತೆರಿಗೆ ಕಾಯ್ದೆಯ ಒಂದು ಕಲಂ. ದಾನ ಕೊಟ್ಟರೆ ತೆರಿಗೆ ವಿನಾಯಿತಿ ಅಂತ ಬಣ್ಣದ ಕರಪತ್ರ ಮಾಡಿಸಿ, ಒಬ್ಬ ದೊಡ್ಡ ಬೆಳೆಗಾರರ ಮುಂದೆ ಇಟ್ಟೆವು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಅಲ್ಲ ಮಾರಾಯ್ರೆ, ನಾನು ಕಾಫಿ ಚೆರಿ ಒಣಗಿಸಿ ಹಾಗೇ ಮಾರೋನು. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ. ಕಟ್ಟದೇ ಇರೋ ತೆರಿಗೆಗೆ ವಿನಾಯಿತಿ ತಗೊಂಡು ಏನು ಮಾಡ್ಲಿ?" ಅಂದರು. ಮಗ ಬೆಂಗಳೂರಲ್ಲಿ ಸಂಬಳದಲ್ಲಿದ್ದಾನೆ, ಅವನಿಗಾದರೂ ಉಪಯೋಗ ಆಗುತ್ತೆ ಅಂತ ಅಧ್ಯಕ್ಷರು. ಫೋನ್ ಹಚ್ಚಿದರು. ಅವನು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾನೆ, ಅದರಲ್ಲಿ 80ಜಿ ಇಲ್ಲ. ಕೊನೆಗೆ ಆ ಪುಣ್ಯಾತ್ಮರು, "ನಿಮಗೆ ದುಡ್ಡು ಬೇಕಿದ್ರೆ ಬೇಕು ಅನ್ನಿ, ಸುಮ್ನೆ ನನಗೇನೋ ಲಾಭ ಮಾಡಿಕೊಡೋಕೆ ಬಂದೋರ ಹಾಗೆ ಆಡಬೇಡಿ" ಅಂತ 5,000 ತೆಗೆದರು. ನಗದು. ನಗದು 2,000 ದಾಟಿದರೆ 80ಜಿಗೆ ಲೆಕ್ಕಕ್ಕಿಲ್ಲ ಅಂತ ಅಧ್ಯಕ್ಷರು ವಾಪಸ್ ಕೊಟ್ಟರು. ತೆರಿಗೆಯೇ ಇಲ್ಲದ ಮನುಷ್ಯನ ದುಡ್ಡನ್ನ, ತೆರಿಗೆ ವಿನಾಯಿತಿ ಸಿಗಲ್ಲ ಅನ್ನೋ ಕಾರಣಕ್ಕೆ! ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ.

ಕಂಪನಿಗಳ ಸಿಎಸ್‌ಆರ್ ದುಡ್ಡಿನ ಕತೆ ಚಿಕ್ಕದು. 2013ರ ಕಂಪನಿ ಕಾಯ್ದೆ ಪ್ರಕಾರ ವರ್ಷಕ್ಕೆ 5 ಕೋಟಿ ಲಾಭ ಇರುವ ಕಂಪನಿ ಲಾಭದ ಶೇಕಡಾ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು, ಕಲೆ ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ನಮ್ಮ ಪೇಟೆಯಲ್ಲಿ ಇರೋದು ಎರಡು ಬೇಕರಿ, ಒಂದು ಮೆಡಿಕಲ್ ಶಾಪು, ಕಾಫಿ ಮೆಣಸು ಕೊಳ್ಳುವ ಅಂಗಡಿ. ಬೇಕರಿಯವರು ಒಂದು ಟ್ರೇ ಬಿಸ್ಕತ್ತು ಕೊಟ್ಟರು.

ದುಡ್ಡು ಹೋಗಲಿ, ಜನ? ಸ್ವಯಂಸೇವಕರನ್ನು ಉಳಿಸಿಕೊಳ್ಳಬೇಕಾದರೆ 'ಗುರುತಿಸಬೇಕು' ಅಂತ ತರಬೇತಿಯಲ್ಲಿ ಹೇಳಿದ್ದರಂತೆ. ಗುರುತಿಸಿಯೇ ಬಿಟ್ಟರು. ಬಂದವರಿಗೆಲ್ಲ ಪದವಿ. ಪದವಿ ಸಿಕ್ಕಮೇಲೆ ಯಾರು ಕುರ್ಚಿ ಎತ್ತುತ್ತಾರೆ? ವೇದಿಕೆ ಸಮಿತಿ ಸಂಚಾಲಕರಿಗೆ ಒಂದು ಬೆಂಚು ಹಿಡೀರಿ ಅಂದೆ. "ನಾನು ನೀತಿ ನಿರೂಪಣೆ ನೋಡೋದು" ಅಂದರು. ನಿಯತ್ತಿನವಳು ಅಂದ್ರೆ ಕಾಲೇಜಿನ ಒಬ್ಬ ಹುಡುಗಿ. "ಸಾರ್, ಎನ್‌ಎಸ್‌ಎಸ್‌ಗೆ ವರ್ಷಕ್ಕೆ 120 ಗಂಟೆ ಬೇಕು, ಇಲ್ಲಿ ಮಾಡಿದ್ರೆ ಬರೆದುಕೊಡ್ತೀರಾ?" ಅಂತ ನೇರ ಕೇಳಿದಳು. ಕೊಡ್ತೀನಮ್ಮ ಅಂದೆ. ಅಧ್ಯಕ್ಷರು ಅವಳನ್ನು 'ಯುವ ರಾಯಭಾರಿ' ಮಾಡಿದರು. ಮಾರನೇ ದಿನದಿಂದ ಅವಳೂ ಬರಲಿಲ್ಲ.

ಕೊಡಗಿನವರಿಗೆ ಕೊಡೋಕೆ, ದುಡಿಯೋಕೆ ಬರಲ್ವಾ ಅಂದ್ರೆ ಹಾಗೂ ಇಲ್ಲ. ಮಡಿಕೇರಿ ದಸರಾ ಬಂದರೆ ದಶಮಂಟಪದ (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು) ಹುಡುಗರು ನಿದ್ದೆಗೆಟ್ಟು ಕೆಲಸ ಮಾಡುತ್ತಾರೆ, ವಿಜಯದಶಮಿ ರಾತ್ರಿ ಬೆಳಗಿನ ತನಕ ಮಂಟಪ ಹೊತ್ತ ಟ್ರ್ಯಾಕ್ಟರ್ ಹಿಂದೆ ನಡೆಯುತ್ತಾರೆ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360, ಗಿನ್ನೆಸ್ ದಾಖಲೆ ಬೇರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಹಗ್ಗ ಹಿಡಿದು ಓಡಿದವರಲ್ಲಿ ಯಾರು ಸಂಚಾಲಕರು, ಯಾರು ಸಹ ಸಂಚಾಲಕರು?

ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಉತ್ಸಾಹ ಬಂದು ಕತೆಗಾರ್ತಿ ಕೊಡಗಿನ ಗೌರಮ್ಮನ ವಿಷಯವನ್ನೂ ಎತ್ತಿದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಆಕೆ ಉಪವಾಸ ಕೂತರು. ಗಾಂಧೀಜಿ ಬಂದರು. ಆಕೆ ಮೈಮೇಲಿನ ಒಡವೆ ತೆಗೆದು ಹರಿಜನ ನಿಧಿಗೆ ಕೊಟ್ಟರು. ಕೇಳೋಕೆ ಮನೆಗೆ ಹೋದರೆ ಹಾಗೆ ಕೊಡ್ತಾರೆ ಸಾರ್, ಅಂದೆ. ಸಭೆ ಒಂದು ಗಳಿಗೆ ಸುಮ್ಮನಾಯಿತು. ಅಧ್ಯಕ್ಷರು ಡೈರಿಯಲ್ಲಿ ಏನೋ ಬರೆದುಕೊಂಡು, "ಒಳ್ಳೆ ಪಾಯಿಂಟ್. ಆದರೆ ಒಡವೆ ವಸ್ತುರೂಪದ ದಾನ. ಅದಕ್ಕೆ 80ಜಿ ಬರಲ್ಲ" ಅಂದರು.

ಕಾರ್ಯಕ್ರಮ ಜನವರಿಯ ಭಾನುವಾರ ಇಟ್ಟರು. ಕಾಫಿ ಕೊಯ್ಲಿನ ಟೈಮು, ಎಲ್ಲರ ಕಣದಲ್ಲೂ ಕಾಫಿ ಹರಡಿರುತ್ತೆ, ಬೇಡ ಅಂದೆ. ಭಾನುವಾರ ಜನ ಫ್ರೀ ಇರ್ತಾರೆ ಅಂತ ಬೆಂಗಳೂರಲ್ಲಿ ಹೇಳಿದ್ದಾರಂತೆ. 52 ಜನಕ್ಕೆ ಶಾಲು, ತಲಾ 180, ಒಟ್ಟು 9,360. ಬ್ಯಾಂಕಿನ ಆ 11,340ರಲ್ಲಿ ಉಳಿದದ್ದು 1,980. ಶಾಮಿಯಾನದವರು 300 ಕುರ್ಚಿ ಇಳಿಸಿ ಹೋದರು, ಹಾಕೋಕೆ ಬೇರೆ ರೇಟು. ನಾನು, ಅಡುಗೆ ಭಟ್ಟರು, ಮೈಕಿನ ಹುಡುಗ ಸೇರಿ ಹಾಕಿದೆವು.

ಶಾಲು ಹೊದಿಸೋದು ಒಂದೂವರೆ ಗಂಟೆ ನಡೆಯಿತು. ಇಪ್ಪತ್ತೊಂಬತ್ತನೇ ಸಂಚಾಲಕರ ಹೊತ್ತಿಗೆ ಮೋಡ ಕಟ್ಟಿ ಎರಡು ಹನಿ ಬಿತ್ತು. ಅಷ್ಟೇ. "ಕಾಫಿ!" ಅಂತ ಯಾರೋ ಕೂಗಿದರು. ವೇದಿಕೆ ಖಾಲಿ, ಸಭೆ ಖಾಲಿ. ಶಾಲು ಹೊದ್ದವರೆಲ್ಲ ಶಾಲಿನ ಸಮೇತ ಜೀಪು ಹತ್ತಿ ಟಾರ್ಪಾಲು ಹಾಕೋಕೆ ಓಡಿದರು. ಮುಖ್ಯ ಅತಿಥಿಗಳು ಒಬ್ಬರೇ ಬಿಸ್ಕತ್ತು ತಿನ್ನುತ್ತಾ ಕೂತಿದ್ದರು.

ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ ಮಾತ್ರ ಏಳಲಿಲ್ಲ. ಎಲ್ಲ ಮುಗಿದ ಮೇಲೆ ನಿಧಾನಕ್ಕೆ ಬಂದು, ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ 500ರ ನೋಟು ತೆಗೆದರು. "ರಸೀದಿ ಬರೀರಿ." ಅಧ್ಯಕ್ಷರು ಗೋಡೆಯ ಮೇಲಿನ ಕೋಡ್ ತೋರಿಸಿದರು. ಅಜ್ಜ ಅದನ್ನು ಸ್ವಲ್ಪ ಹೊತ್ತು ನೋಡಿದರು. ನೋಟನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟರು.

"ಆಯ್ತು. ಈ ಕುರ್ಚಿನಾದ್ರೂ ಎತ್ತಿಡ್ಲಾ?" ಅಂದರು.

ಅಧ್ಯಕ್ಷರ ಮುಖ ಅರಳಿತು. ಬ್ಯಾಗಿನಲ್ಲಿ ಹುಡುಕಿ ಒಂದು ಹಾಳೆ ತೆಗೆದರು.

"ಖಂಡಿತ ಅಜ್ಜ. ಮೊದಲು ಈ ಫಾರಂ ತುಂಬಿಬಿಡಿ. ಫೋಟೋ ಎರಡು ಬೇಕು."