ಬರವಣಿಗೆಯನ್ನು ಕೊನೆಗೆ ಇಡಬೇಡಿ

ಇಂಟರಾಕ್ಷನ್ ಡಿಸೈನ್ (ಜನ ಆ್ಯಪ್, ಯಂತ್ರಗಳನ್ನು ಬಳಸುವ ಬಗೆಯನ್ನು ರೂಪಿಸುವ ಕೆಲಸ) ಓದುವವರು ಪ್ರಬಂಧ ಬರೆಯುವ ಬಗ್ಗೆ ಇರುವ ಈ ಲೇಖನ ಇಷ್ಟವಾಯಿತು. ಆದರೆ 'ಮೊದಲು ಪ್ರೊಟೊಟೈಪ್ (ಪರೀಕ್ಷಿಸಿ ನೋಡಲು ಮಾಡುವ ಮಾದರಿ) ಮುಗಿಸಿ, ಪ್ರಬಂಧ ಆಮೇಲೆ ಬರೆಯಿರಿ' ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಓದುವಾಗ ನಾನೂ ಹಾಗೇ ಮಾಡಿದ್ದೆ. ಬರೆಯಲು ಕೂತಾಗ ಮೂರನೇ ಸ್ಕೆಚ್ ಯಾಕೆ ಬಿಟ್ಟೆ, ಆ ಬಟನ್ ಯಾಕೆ ತೆಗೆದೆ ಅನ್ನೋದೇ ನೆನಪಿರಲಿಲ್ಲ. ಇಂಟರಾಕ್ಷನ್ ಡಿಸೈನ್‌ನಲ್ಲಿ ಸಂಶೋಧನೆ ಇರುವುದೇ ಆ 'ಯಾಕೆ'ಯಲ್ಲಿ, ಅಲ್ವಾ?

ಮನುಷ್ಯ-ಕಂಪ್ಯೂಟರ್ ಒಡನಾಟದ ಬಗ್ಗೆ ನಡೆಯುವ ಸಮ್ಮೇಳನವಾದ 2007ರ ಸಿಎಚ್‌ಐ ಯಲ್ಲಿ ಸಂಶೋಧಕರಾದ ಜಿಮ್ಮರ್‌ಮನ್, ಫೋರ್ಲಿಜ್ಜಿ, ಎವೆನ್ಸನ್ ಸೇರಿ ಒಂದು ಪ್ರಬಂಧ ಮಂಡಿಸಿದರು. ಡಿಸೈನ್ ಮಾಡುತ್ತಲೇ ನಡೆಸುವ ಸಂಶೋಧನೆಯನ್ನು ತೂಗಿನೋಡಲು ಅದರಲ್ಲಿ ನಾಲ್ಕು ಅಳತೆಗೋಲುಗಳಿವೆ: ಕೆಲಸ ನಡೆದ ಬಗೆ, ಹೊಸತನ, ಪ್ರಸ್ತುತತೆ, ಬೇರೆಯವರು ಅದನ್ನು ಮುಂದುವರಿಸಬಹುದೇ ಎಂಬುದು. ಮೊದಲನೆಯದೂ ಕೊನೆಯದೂ ಆಯಾ ದಿನದ ಟಿಪ್ಪಣಿ ಇಲ್ಲದೆ ಸಾಧ್ಯವೇ ಇಲ್ಲ.

ಇನ್ನೊಂದು ಮಾತು. 'ಬಳಕೆದಾರರಿಗೆ ಇಷ್ಟವಾಯಿತು' ಎಂದು ಸುಮ್ನೆ ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ಯಾರು, ಯಾವ ಪರದೆಯಲ್ಲಿ ತಡವರಿಸಿದರು, ಆಗ ಏನು ಅಂದರು, ಅದನ್ನು ನೋಡಿ ನೀವು ಏನು ಬದಲಿಸಿದಿರಿ? ಇದನ್ನು ಅವತ್ತೇ ಬರೆದಿಡಿ. ಎರಡು ಸಾಲು, ಒಂದು ಫೋಟೋ ಇದ್ದರೂ ಸಾಕು. ಈಗ ನಾನು ನನ್ನ ಜೊತೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಜಾಸ್ತಿ ಹೇಳುವುದು ಇದನ್ನೇ.